ಸೆಕೆಂಡ್ ಹ್ಯಾಂಡ್ ಟ್ರೈಲರ್: ಸದ್ದು ಹಿಚ್‌ನಲ್ಲಿ, ಕಾಯಿಲೆ ಚಕ್ರದಲ್ಲಿ

ಬ್ರೇಕ್ ಒತ್ತಿದಾಗಲೆಲ್ಲ ಬೆನ್ನ ಹಿಂದೆ ಢಬ್ ಅಂತ ಒಂದು ಹೊಡೆತ. ಈ ಟ್ರೈಲರ್ ಮನೆಗೆ ಎಳೆದು ತಂದ ದಿನ ದಾರಿಯುದ್ದಕ್ಕೂ ಕೇಳಿದ್ದು ಅದೇ. ಇಟ್ಟಿಗೆ, ಮರಳು ಹೇರುವವರು ಅದನ್ನು ಸಹಿಸಿಕೊಳ್ಳಬಹುದೇನೋ. ನಾನು ಹೇರುವುದು ಜೇನುಪೆಟ್ಟಿಗೆ. ಒಂದು ಜೋರು ಹೊಡೆತಕ್ಕೆ ತುಂಬಿದ ಎರಿ ಫ್ರೇಮಿನಿಂದ ಕಳಚಿ ಬೀಳುತ್ತದೆ. ಅದರಡಿ ಸಿಕ್ಕ ನೊಣಗಳು ಸಾಯುತ್ತವೆ. ರಾಣಿಯೂ ಸಿಕ್ಕಿಬಿಟ್ಟರೆ ಆ ಪೆಟ್ಟಿಗೆಯ ಕಥೆ ಅಲ್ಲಿಗೆ ಮುಗಿಯಿತು. ಹಾಗಾಗಿ ಆ ಸದ್ದನ್ನು ಅದರ ಪಾಡಿಗೆ ಬಿಡಲು ನನ್ನಿಂದ ಆಗಲಿಲ್ಲ.

ಈಗ ಎಂಟು ತಿಂಗಳಾಯಿತು. ಸದ್ದು ಹೋಗಿದೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿದೆ. ಟ್ರೈಲರ್ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚೌಕಟ್ಟು ಒಳ್ಳೆಯದು, ಆಕ್ಸಲ್ ಒಳ್ಳೆಯದು, ಕೊಂಡಿದ್ದಕ್ಕೆ ಬೇಸರವಿಲ್ಲ. ಆದರೆ ನನ್ನ ಕೈಗೆ ಬಂದಾಗ ಅದು ರಸ್ತೆಗೆ ಇಳಿಸುವ ಸ್ಥಿತಿಯಲ್ಲಿ ಇರಲಿಲ್ಲ. ಬ್ರೇಕಿನ ಸಾಮಾನಿಗೂ ಟೈರಿಗೂ ಸೇರಿ ಟ್ರೈಲರ್‌ಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗದಷ್ಟು ಮತ್ತೆ ಖರ್ಚಾಯಿತು. ಇಂಥದ್ದನ್ನೇ ನೋಡಿಟ್ಟುಕೊಂಡಿರುವವರು ಆ ಲೆಕ್ಕ ಹಾಕಿಕೊಂಡೇ ಬೆಲೆ ಮಾತಾಡಿ.

ಗಾಡಿ ಎಂಥದ್ದು ಅಂತ ಹೇಳುತ್ತೇನೆ. ಒಂದೇ ಆಕ್ಸಲ್, ಎರಡು ಚಕ್ರ, ತುಕ್ಕು ಹಿಡಿಯದ ಹಾಗೆ ಸತು ಹಚ್ಚಿದ ಚೌಕಟ್ಟು, ಪ್ಲೈವುಡ್ ತಳ. ಖಾಲಿ ತೂಕ 230 ಕೆಜಿ. ಪ್ಲೇಟಿನ ಮೇಲಿರುವ ಗರಿಷ್ಠ ತೂಕ 1000 ಕೆಜಿ. ಇಷ್ಟು ಚಿಕ್ಕ ಟ್ರೈಲರ್‌ಗಳಲ್ಲಿ ಬ್ರೇಕ್ ಇಲ್ಲದವೂ ಬೇಕಾದಷ್ಟಿವೆ. ನನಗೆ ಬ್ರೇಕ್ ಇರುವುದೇ ಬೇಕಿತ್ತು. ಇದರಲ್ಲಿರುವುದು ನೂಕಿನಿಂದ ಕೆಲಸ ಮಾಡುವ ಬ್ರೇಕ್. ಅಂದರೆ, ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಹಿಂದಿನಿಂದ ನುಗ್ಗುತ್ತದೆ. ಆ ನೂಕಿಗೆ ಹಿಚ್‌ನ, ಅಂದರೆ ಟ್ರೈಲರ್ ಮೂಗಿನಲ್ಲಿ ಮುಂದಿನ ಗಾಡಿಗೆ ಸಿಕ್ಕಿಸುವ ಭಾಗದ, ದಂಡ ಒಳಗೆ ಸರಿಯುತ್ತದೆ. ದಂಡ ಒಂದು ಲಿವರನ್ನು ತಳ್ಳುತ್ತದೆ, ಲಿವರ್ ಉದ್ದನೆಯ ರಾಡನ್ನು ಎಳೆಯುತ್ತದೆ, ರಾಡ್ ಒಂದು ಅಡ್ಡಪಟ್ಟಿಯನ್ನು, ಅಡ್ಡಪಟ್ಟಿ ಎರಡು ಕೇಬಲ್‌ಗಳನ್ನು, ಕೇಬಲ್‌ಗಳು ಚಕ್ರದ ಡ್ರಮ್ಮಿನೊಳಗಿನ ಶೂಗಳನ್ನು, ಅಂದರೆ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿಗಳನ್ನು. ಕರೆಂಟ್ ಬೇಡ, ಬ್ರೇಕ್ ಆಯಿಲ್ ಬೇಡ. ಚಂದದ ಏರ್ಪಾಡು. ಆದರೆ ಈ ಸರಪಳಿಯ ಯಾವ ಕೊಂಡಿ ಕೆಟ್ಟರೂ ಅದರ ಸದ್ದು ಬರುವುದು ಹಿಚ್‌ನಿಂದಲೇ. ನಾನು ಮೋಸ ಹೋದದ್ದು ಅಲ್ಲೇ.

ಮೊದಲು ಸಿಕ್ಕಿದ್ದು ಸುಲಭದ ತಪ್ಪು. ಹೊರಡುವಾಗ ಕಟಕ್, ನಿಲ್ಲುವಾಗ ಕಟಕ್ ಅಂತ ಇನ್ನೊಂದು ಸಣ್ಣ ಸದ್ದಿತ್ತು. ಜೀಪಿನ ಹಿಂದಿನ ಉಕ್ಕಿನ ಗುಂಡಿನ (ಬಾಲ್) ಮೇಲೆ ಕೂರುವ ಟ್ರೈಲರ್‌ನ ಕಪ್ಲಿಂಗ್ ತಲೆಯ ಮೇಲೆ 50 ಅಂತ ಅಚ್ಚೊತ್ತಿದೆ, ಅಂದರೆ ಅದು 50 ಮಿಲಿಮೀಟರ್ ಬಾಲ್‌ಗೆ ಮಾಡಿದ್ದು. ನಮ್ಮ ಜೀಪಿನ ಹಿಂದೆ ಮೊದಲಿಂದಲೂ ಇದ್ದ ಬಾಲನ್ನು ವರ್ನಿಯರ್ ಹಿಡಿದು ಅಳೆದೆ. 47.6 ಬಂತು. ಸವೆದಿರಬೇಕು ಅಂದುಕೊಂಡೆ. ನಾಲ್ಕು ಕಡೆ ಅಳೆದರೂ ಅಷ್ಟೇ. ಸವೆದ ಬಾಲ್ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ, ಎಳೆತ ಬೀಳುವ ಹಿಂದೆ ಮುಂದೆ ಜಾಸ್ತಿ ಸವೆದಿರುತ್ತದೆ. ತಂತಿ ಬ್ರಷ್‌ನಿಂದ ಬಾಲಿನ ನೆತ್ತಿಯ ತುಕ್ಕು ಉಜ್ಜಿದಾಗ ಗೊತ್ತಾಯಿತು, ಅದು ಒಂದೂ ಏಳೆಂಟನೇ ಇಂಚಿನ ಬಾಲ್. ಎರಡು ಮಿಲಿಮೀಟರಿಗೂ ಜಾಸ್ತಿ ವ್ಯತ್ಯಾಸ. ಕಪ್ಲಿಂಗ್ ಅದರ ಮೇಲೆ ಕೂರುತ್ತದೆ, ಹಿಡಿಕೆ ಮುಚ್ಚಿಕೊಳ್ಳುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಒಂದು ಹಳ್ಳಕ್ಕೆ ಇಳಿದರೆ ಹಾರಿ ಬರುತ್ತದೆ. ನಾನು ಅದೇ ಬಾಲಿನಲ್ಲಿ ಮನೆ ತನಕ ಎಳೆದು ತಂದಿದ್ದೆ ಅನ್ನುವುದು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡು ಇಂಚಿನ ಬಾಲ್ ಅಂತಲೂ ಒಂದಿದೆ, 50.8 ಮಿಲಿಮೀಟರ್. ಅದಕ್ಕೂ 50ಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹಾಗಾಗಿ ಕಣ್ಣನ್ನು ನಂಬಬೇಡಿ, ಬಾಲ್ ಮೇಲಿನ ಅಚ್ಚು ಮತ್ತು ಕಪ್ಲಿಂಗ್ ಮೇಲಿನ ಅಚ್ಚು ಎರಡನ್ನೂ ಓದಿ.

ಸರಿಯಾದ 50ರ ಬಾಲ್ ಹಾಕಿಸಿದೆ. ಕಟಕ್ ನಿಂತಿತು. ಢಬ್ ನಿಲ್ಲಲಿಲ್ಲ.

ಆಗ ನಾನು ಮಾಡಿದ ತಪ್ಪು ಹೇಳಲೇಬೇಕು, ಯಾಕಂದರೆ ಈ ಗಾಡಿಯ ಹಿಂದಿನ ಮಾಲೀಕರೂ ಅದನ್ನೇ ಮಾಡಿದ್ದರು. ಟ್ರೈಲರ್ ಕೆಳಗೆ ತೂರಿ ನೋಡಿದೆ. ಬ್ರೇಕ್ ರಾಡಿನ ತುದಿಯಲ್ಲಿ ಬಿಗಿ ಮಾಡುವ ನಟ್ಟು ಕೈಗೆ ಸಿಗುವ ಜಾಗದಲ್ಲೇ ಇದೆ. ಬ್ರೇಕ್ ಸಡಿಲ ಇದೆ, ಅದಕ್ಕೇ ದಂಡ ಪೂರ್ತಿ ಒಳಗೆ ಹೋಗಿ ಬಡಿಯುತ್ತಿದೆ ಅಂದುಕೊಂಡು ಎರಡು ಸುತ್ತು ಬಿಗಿ ಮಾಡಿದೆ. ಮಾರನೆಯ ದಿನ ತಮ್ಮ ಜೀಪು ಹಿಂದಕ್ಕೆ ತೆಗೆಯಲು ಹೋದ. ಟ್ರೈಲರ್ ಅಲ್ಲಾಡಲಿಲ್ಲ. "ಅಕ್ಕಾ, ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗಿದೆ" ಅಂದ. ಎಡಚಕ್ರ ಉರುಳದೆ ಮಣ್ಣಿನಲ್ಲಿ ಗೆರೆ ಎಳೆದಿತ್ತು. ಮುಂದಕ್ಕೆ ಹೋದಾಗ ಉರುಳಿತು, ಆದರೆ ಎರಡು ಕಿಲೋಮೀಟರ್ ಹೋಗಿ ಬರುವುದರೊಳಗೆ ಎಡ ಡ್ರಮ್ಮಿನಿಂದ ಸುಟ್ಟ ವಾಸನೆ. ಬಲ ಡ್ರಮ್ ತಣ್ಣಗಿತ್ತು.

ಅವತ್ತು ರಾತ್ರಿ ಹಿಚ್ ತಯಾರಿಸಿದವರ ಕೈಪಿಡಿ ತೆಗೆದು ಕೂತು ಓದಿದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತಿದೆ: ಹೊಂದಾಣಿಕೆ ಯಾವಾಗಲೂ ಚಕ್ರದಿಂದ ಶುರು. ಮೊದಲು ಚಕ್ರ, ಆಮೇಲೆ ಕೇಬಲ್, ಕೊನೆಗೆ ರಾಡ್. ರಾಡ್ ಇರುವುದು ಸವೆದ ಶೂಗಳ ಸಡಿಲ ಎಳೆದುಕೊಳ್ಳುವುದಕ್ಕಲ್ಲ. ರಾಡ್ ಬಿಗಿ ಮಾಡಿದರೆ ಶೂಗಳು ಅರ್ಧ ತೆರೆದುಕೊಂಡೇ ನಿಲ್ಲುತ್ತವೆ. ಇಂಥ ಬ್ರೇಕಿನ ಡ್ರಮ್ಮಿನೊಳಗೆ ಹಿಮ್ಮುಖ ಚಲನೆಗೆ ಅಂತಲೇ ಒಂದು ಏರ್ಪಾಡು ಇರುತ್ತದೆ. ಚಕ್ರ ಹಿಂದಕ್ಕೆ ತಿರುಗಿದಾಗ ಒಂದು ಶೂ ಸ್ವಲ್ಪ ಜಾರಿ ಹಿಡಿತ ಬಿಟ್ಟುಬಿಡುತ್ತದೆ. ಆ ಜಾರುವಿಕೆಗೆ ಜಾಗ ಬೇಕು. ರಾಡ್ ಆ ಜಾಗವನ್ನೇ ತಿಂದುಹಾಕಿದರೆ ಹಿಂದಕ್ಕೆ ಹೋಗುವಾಗ ಚಕ್ರ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಆದದ್ದು ಇದೇ.

ಮಾರನೆಯ ಬೆಳಿಗ್ಗೆ ರಾಡಿನ ನಟ್ಟು ಪೂರ್ತಿ ಸಡಿಲ ಮಾಡಿದೆ. ಹೊಸ ತುಕ್ಕು ಕೂರದ ಹೊಳೆಯುವ ಎಳೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ ಹೊರಗೆ ಬಂತು. ಅಂದರೆ ನನಗಿಂತ ಮೊದಲು ಯಾರೋ ವರ್ಷಗಟ್ಟಲೆ ಅದನ್ನೇ ತಿರುಗಿಸುತ್ತಾ ಬಂದಿದ್ದಾರೆ. ಇನ್ನೊಂದು ಗುರುತೂ ಅಲ್ಲೇ ಇತ್ತು, ನಾನು ನೋಡಿಯೂ ನೋಡಿರಲಿಲ್ಲ. ಎರಡು ಕೇಬಲ್ ಸಿಕ್ಕಿಸಿರುವ ಅಡ್ಡಪಟ್ಟಿ ರಾಡಿಗೆ ಅಡ್ಡಲಾಗಿ, ನೇರವಾಗಿ ನಿಲ್ಲಬೇಕು. ನಮ್ಮದು ತಕ್ಕಡಿಯ ಒಂದು ಬಟ್ಟಲು ಇಳಿದ ಹಾಗೆ ವಾರೆಯಾಗಿ ನಿಂತಿತ್ತು. ಬಲಗಡೆ ಕೇಬಲ್ ತುಂಬಾ ಮುಂದೆ ಬಂದಿದೆ, ಎಡಗಡೆಯದು ಕದಲೇ ಇಲ್ಲ. ಎಡ ಕೇಬಲ್ ಒಳಗೇ ತುಕ್ಕು ಹಿಡಿದು ಕೂತುಬಿಟ್ಟಿದೆ ಅಂತ ಅರ್ಥ.

ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಹೊರಗಿನ ಕವಚ ಒಂದು ಕಡೆ ಒಡೆದು ಒಳಗಿನ ಉಕ್ಕಿನ ಸುರುಳಿ ಕಾಣುತ್ತಿತ್ತು. ಒಂದು ತುದಿ ಇಕ್ಕಳದಲ್ಲಿ ಹಿಡಿದು ಎಳೆದರೂ ಒಳಗಿನ ತಂತಿ ಜಗ್ಗಲಿಲ್ಲ. ಬಗ್ಗಿಸಿದಾಗ ಕೆಂಪು ಪುಡಿ ಉದುರಿತು. ಹ್ಯಾಂಡ್ ಬ್ರೇಕ್ ಹಾಕಿ ತಿಂಗಳುಗಟ್ಟಲೆ ಮಳೆಯಲ್ಲಿ ನಿಲ್ಲಿಸಿದರೆ ಹೀಗಾಗುತ್ತದೆ. ನೀರು ಕವಚದೊಳಗೆ ಇಳಿಯುತ್ತದೆ, ತಂತಿ ಎಳೆದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಆ ಚಕ್ರದ ಶೂ ಸದಾ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಇನ್ನೊಂದು ಚಕ್ರ ಸುಮ್ಮನೆ ಉರುಳುತ್ತದೆ. ಎಡ ಡ್ರಮ್ ಯಾಕೆ ಸುಟ್ಟಿತು, ಬಲ ಯಾಕೆ ತಣ್ಣಗಿತ್ತು ಅನ್ನುವುದು ಅಲ್ಲಿಗೆ ಬಗೆಹರಿಯಿತು. ಈಗ ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಚಕ್ರಕ್ಕೆ ಮರದ ಅಡೆ ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ಟೇ ನಿಲ್ಲಿಸುತ್ತೇನೆ.

ಡ್ರಮ್ ಬಿಚ್ಚುವಾಗ ಒಂದು ಎಚ್ಚರ. ನನ್ನ ಟ್ರೈಲರ್‌ನಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಮುಚ್ಚಿಟ್ಟ ಜಾತಿಯದು, ಮಧ್ಯದಲ್ಲಿ ಒಂದು ದೊಡ್ಡ ನಟ್ಟು. ಆ ನಟ್ಟು ಒಂದೇ ಸಲಕ್ಕೆ. ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಅದನ್ನು ಬಿಗಿ ಮಾಡಲು ಕೈಪಿಡಿ ಹೇಳುವುದು 290 ನ್ಯೂಟನ್ ಮೀಟರ್. ಚಕ್ರದ ನಟ್ಟಿಗೆ ಬೇಕಾಗುವುದು 90ರ ಆಸುಪಾಸು ಅಂದರೆ ಇದು ಎಷ್ಟು ಬಿಗಿ ಅಂತ ನೀವೇ ಲೆಕ್ಕ ಹಾಕಿ. ನನ್ನ ಹತ್ತಿರ ಅಷ್ಟು ದೊಡ್ಡ ಟಾರ್ಕ್ ರೆಂಚ್ ಇರಲಿಲ್ಲ. ಡ್ರಮ್ ಬಿಚ್ಚಿ ಸ್ವಚ್ಛ ಮಾಡಿದ್ದು ಮನೆಯಲ್ಲಿ, ಕೊನೆಯ ಬಿಗಿತ ಮಾತ್ರ ವರ್ಕ್‌ಶಾಪಿನವರನ್ನು ಕರೆಸಿ ಮಾಡಿಸಿದೆ. ಸುಮ್ನೆ ಪೈಪ್ ಹಾಕಿ ಅಂದಾಜಿನಲ್ಲಿ ಬಿಗಿ ಮಾಡುವ ಕೆಲಸ ಅಲ್ಲ ಅದು.

ಡ್ರಮ್ ಕೈಗೆ ಬಂದಾಗ ಒಳಗೆ ಕಪ್ಪು ಪುಡಿ ರಾಶಿ. ಅದನ್ನು ಊದಬೇಡಿ, ಗಾಳಿ ಹೊಡೆಯಲೂ ಬೇಡಿ. ಹಳೇ ಲೈನಿಂಗ್‌ಗಳಲ್ಲಿ, ಅಂದರೆ ಶೂ ಮೇಲಿನ ಉಜ್ಜುವ ಪದರದಲ್ಲಿ, ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಎಡಗಡೆ ಶೂನ ಲೈನಿಂಗ್ ಎರಡು ಮಿಲಿಮೀಟರ್ ಕೂಡ ಉಳಿದಿರಲಿಲ್ಲ, ಮೇಲ್ಮೈ ಗಾಜಿನ ಹಾಗೆ ನುಣ್ಣಗೆ ಮಿರಮಿರ ಹೊಳೆಯುತ್ತಿತ್ತು. ಡ್ರಮ್ಮಿನ ಒಳಮೈಯಲ್ಲಿ ಶಾಖಕ್ಕೆ ನೀಲಿ ಬಣ್ಣದ ಕಲೆಗಳು. ಬಲಗಡೆ ಶೂ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಶೂಗಳನ್ನು ಡ್ರಮ್ಮಿಗೆ ಹತ್ತಿರ, ದೂರ ಸರಿಸುವ ಹೊಂದಾಣಿಕೆಯ ಹಲ್ಲುಚಕ್ರ ತುಕ್ಕು ಹಿಡಿದು ಒಂದು ಹಲ್ಲೂ ತಿರುಗದ ಸ್ಥಿತಿ. ಬಲಗಡೆಯ ಶೂ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳೋಣ ಅನ್ನಿಸಿದ್ದು ನಿಜ. ಆದರೆ ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇಟ್ಟರೆ ಎರಡೂ ಚಕ್ರ ಒಂದೇ ಸಮ ಹಿಡಿಯುವುದಿಲ್ಲ, ಟ್ರೈಲರ್ ಒಂದು ಬದಿಗೆ ಎಳೆಯುತ್ತದೆ. ಎರಡೂ ಕಡೆಗೆ ಹೊಸ ಶೂ, ಎರಡೂ ಕಡೆಗೆ ಹೊಸ ಕೇಬಲ್ ಹಾಕಿದೆ. ಸ್ಪ್ರಿಂಗ್‌ಗಳು ಎಲ್ಲೆಲ್ಲಿ ಸಿಕ್ಕಿಸಿವೆ ಅಂತ ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದು ಬಹಳ ಉಪಕಾರಕ್ಕೆ ಬಂತು.

ಆಮೇಲೆ ಹೊಂದಾಣಿಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಡೀ ಕೆಲಸದ ಜೀವ ಇದರಲ್ಲಿದೆ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಹಿಚ್‌ನ ದಂಡ ಪೂರ್ತಿ ಹೊರಗೆ ಎಳೆದಿರಬೇಕು. ರಾಡ್, ಕೇಬಲ್ ಎಲ್ಲ ಸಡಿಲ. ಒಂದು ಚಕ್ರವನ್ನು ಜಾಕ್‌ನಲ್ಲಿ ಎತ್ತಿ, ಚೌಕಟ್ಟಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆ. ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿ ಒಂದು ರಬ್ಬರ್ ಬೆಣೆ ಇರುತ್ತದೆ, ಅದನ್ನು ಕಿತ್ತರೆ ತೂತು. ತೂತಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ಸರಿಸಬೇಕು. ಟಿಕ್, ಟಿಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ನಡುನಡುವೆ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ನೋಡಬೇಕು, ಮುಂದಕ್ಕೆ ಹೋಗುವ ದಿಕ್ಕಿಗೆ ಮಾತ್ರ. ಹಿಂದಕ್ಕೆ ತಿರುಗಿಸಿದರೆ ಆಗ ಹೇಳಿದ ಹಿಮ್ಮುಖದ ಏರ್ಪಾಡು ಜಾರಿ, ಬ್ರೇಕ್ ಸಡಿಲ ಇದೆ ಅಂತ ಸುಳ್ಳು ಹೇಳುತ್ತದೆ. ಚಕ್ರ ಕೈಗೆ ತಿರುಗದಷ್ಟು ಬಿಗಿಯಾದ ಮೇಲೆ, ಮತ್ತೆ ಸುಮ್ಮನೆ ಉರುಳುವ ತನಕ ಹಲ್ಲು ಹಿಂದಕ್ಕೆ ಸರಿಸಬೇಕು. ಶೂ ಅಲ್ಲಲ್ಲಿ ಸವರಿದ ಸಣ್ಣ ಸದ್ದು ಕೇಳಿದರೆ ಸಾಕು. ಇನ್ನೊಂದು ಚಕ್ರಕ್ಕೂ ಹೀಗೇ.

ಕೇಬಲ್ ಆಮೇಲಿನದು. ಕೈಯಲ್ಲಿ ಎಳೆದರೆ ಒಳತಂತಿ ಐದಾರು ಮಿಲಿಮೀಟರ್ ಬಂದು ನಿಲ್ಲುವ ಹಾಗೆ ಎರಡೂ ಕಡೆ ಸಮ ಮಾಡಿದೆ. ಕೊನೆಗೆ ರಾಡ್: ಸಡಿಲ ಇರಬಾರದು, ಎಳೆತವೂ ಇರಬಾರದು. ಅಷ್ಟು ಮಾಡಿದಾಗ ಅಡ್ಡಪಟ್ಟಿ ತಾನಾಗಿಯೇ ನೇರ ನಿಂತಿತು. ಅದನ್ನು ನೋಡಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಢಬ್‌ನ ಇನ್ನರ್ಧ ಮಾತ್ರ ನಿಜವಾಗಿಯೂ ಹಿಚ್‌ನಲ್ಲೇ ಇತ್ತು. ದಂಡದೊಳಗೆ ಶಾಕ್ ಅಬ್ಸಾರ್ಬರ್ ತರಹದ ಒಂದು ಡ್ಯಾಂಪರ್ ಇರುತ್ತದೆ. ಕಪ್ಲಿಂಗ್ ತಲೆಯನ್ನು ಮೈಭಾರ ಹಾಕಿ ಒಳಗೆ ತಳ್ಳಿ ನೋಡಿ. ಒಳ್ಳೆಯ ಡ್ಯಾಂಪರ್ ಆದರೆ ಒಂದೇ ಸಮ ಎದುರು ಒತ್ತುತ್ತದೆ, ಬಿಟ್ಟಾಗ ನಿಧಾನವಾಗಿ ತಾನೇ ಹೊರಗೆ ಬರುತ್ತದೆ. ನಮ್ಮದು ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಒಳಗೆ ಹೋಯಿತು, ಹೋದದ್ದು ಅಲ್ಲೇ ಉಳಿಯಿತು. ಗ್ಯಾಸ್ ಪೂರ್ತಿ ಖಾಲಿ. ಕೊಳ್ಳುವ ಮೊದಲು ಈ ಒಂದು ಪರೀಕ್ಷೆ ನಾನು ಮಾಡಿದ್ದಿದ್ದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತಿತ್ತು. ಒಂದು ನಿಮಿಷದ ಕೆಲಸ, ಹತ್ಯಾರ ಬೇಡ.

ಮಾರಿದವರು ಹಿಚ್‌ಗೆಲ್ಲ ಹೊಸ ಪೇಂಟ್ ಬಳಿದಿದ್ದರು. ನೋಡಲು ಚೆಂದವೇ. ಆದರೆ ಗ್ರೀಸ್ ನಿಪ್ಪಲ್‌ಗಳ, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿಗಳ, ಬಾಯಿಯ ಮೇಲೂ ಪೇಂಟ್ ಕೂತಿತ್ತು. ಸೂಜಿಯಲ್ಲಿ ಪೇಂಟ್ ಬಿಡಿಸಿ ಗ್ರೀಸ್ ಗನ್ ಇಟ್ಟು ಒತ್ತಿದಾಗ ಮೊದಲು ಬಂದದ್ದು ಒಣಗಿದ ಕಂದು ಹೆಂಟೆ, ಆಮೇಲೆ ತುಕ್ಕಿನ ನೀರು, ಬಹಳ ಹೊತ್ತಿನ ಮೇಲೆ ಹೊಸ ಗ್ರೀಸ್. ಹಳೇ ಟ್ರೈಲರ್ ನೋಡಲು ಹೋದರೆ ನಿಪ್ಪಲ್ ಮೇಲೆ ಕಣ್ಣಿಡಿ. ಅಲ್ಲಿ ಪೇಂಟ್ ಇದ್ದರೆ ಇತ್ತೀಚೆಗೆ ಯಾರೂ ಗ್ರೀಸ್ ಹೊಡೆದಿಲ್ಲ ಅಂತಲೇ ಅರ್ಥ.

ಡ್ಯಾಂಪರ್ ತರಿಸುವಾಗ ಒಂದು ಸಲ ಎಡವಿದೆ. ಎಲ್ಲದಕ್ಕೂ ಹೊಂದುತ್ತದೆ ಅಂದಿದ್ದನ್ನು ನಂಬಿ ತರಿಸಿದ್ದು ಉದ್ದದಲ್ಲಿ ಹೆಚ್ಚಾಯಿತು, ಬೋಲ್ಟಿನ ತೂತು ಕೂರಲೇ ಇಲ್ಲ. ವಾಪಸ್ ಕಳಿಸಿ, ಹಿಚ್‌ನ ಮೈಮೇಲಿರುವ ಪ್ಲೇಟಿನ ನಂಬರ್ ಕೊಟ್ಟು ತರಿಸಿದೆ. ಅದು ಅಳತೆ ತೆಗೆದ ಹಾಗೆ ಕೂತಿತು. ಕಪ್ಲಿಂಗ್ ತಲೆ ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದು ಈ ಡ್ಯಾಂಪರ್ ಮೂಲಕವೇ ಹಾದು ಹೋಗುತ್ತದೆ. ಆದ್ದರಿಂದ ಬೋಲ್ಟು, ಲಾಕ್ ನಟ್ಟು ಎರಡೂ ಹೊಸದೇ ಹಾಕಿದೆ. ಇಡೀ ಟ್ರೈಲರ್ ನೇತಾಡುವುದು ಅವುಗಳ ಮೇಲೆ, ಅಲ್ವಾ?

ಮಿಕ್ಕಿದ್ದು ಬೇಗ ಹೇಳುತ್ತೇನೆ. ಬೇರಿಂಗ್ ಚೆನ್ನಾಗಿವೆ, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೂ ಆಟ ಇಲ್ಲ. ಲೈಟ್ ವೈರಿಂಗ್ ಸರಿ ಇತ್ತು. ಟೈರ್ ಮೇಲ್ನೋಟಕ್ಕೆ ಹೊಸದರಂತಿತ್ತು, ಆದರೆ ಬದಿಯ ನಾಲ್ಕು ಅಂಕಿ 2312 ಅಂತ ಇತ್ತು. 2012ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಸವೆದಿಲ್ಲ, ಪಕ್ಕದಲ್ಲಿ ಕೂದಲೆಳೆ ಬಿರುಕು. ಎರಡೂ ಬದಲಾಯಿಸಿದೆ.

ಟ್ರೈಲರ್ ಕಳಚಿಕೊಂಡರೆ ಬ್ರೇಕ್ ಎಳೆಯುವುದಕ್ಕೆ ಅಂತ ಹ್ಯಾಂಡ್ ಬ್ರೇಕಿಗೆ ಒಂದು ತೆಳು ಉಕ್ಕಿನ ದಾರ ಇರುತ್ತದೆ. ಅದನ್ನು ಬಾಲಿನ ಕುತ್ತಿಗೆಗೆ ಸುತ್ತಿಟ್ಟಿದ್ದರು. ಕಪ್ಲಿಂಗ್ ಹಾರಿದರೆ ದಾರವೂ ಬಾಲ್ ಮೇಲಿಂದ ಜಾರಿಹೋಗುತ್ತದೆ, ಇದ್ದೂ ಪ್ರಯೋಜನವಿಲ್ಲ. ಹಿಚ್ ಪಟ್ಟಿಗೆ ಬೇರೆಯೇ ಒಂದು ಬಳೆ ಹಾಕಿಸಿ ಅದಕ್ಕೆ ಕೊಂಡಿ ಹಾಕುತ್ತಿದ್ದೇನೆ. ಪೂರ್ತಿ ತಿರುವಿನಲ್ಲಿ ದಾರ ಬಿಗಿಯಬಾರದು, ನೆಲಕ್ಕೂ ತಾಗಬಾರದು.

ಬ್ರೇಕ್ ಎಲ್ಲ ಸರಿಯಾದ ಮೇಲೂ ಮೊದಲ ಸಲ ಪೆಟ್ಟಿಗೆ ಹೇರಿದಾಗ ಟ್ರೈಲರ್ ಬಾಲ ಅಲ್ಲಾಡಿಸಿತು. ಹತ್ತು ಪೆಟ್ಟಿಗೆ, ಒಂದೊಂದು ಸುಮಾರು 30 ಕೆಜಿ, ಸ್ಟ್ಯಾಂಡ್ ಸಾಮಾನು, ಟ್ರೈಲರ್‌ನ ಖಾಲಿ ತೂಕ ಎಲ್ಲ ಸೇರಿ ಒಟ್ಟು 550 ಕೆಜಿ. ತಮ್ಮ ಇಳಿಸಲು ಸುಲಭ ಅಂತ ಭಾರವನ್ನೆಲ್ಲ ಹಿಂದಕ್ಕೆ ಜೋಡಿಸಿದ್ದ. ಮೈತೂಕ ನೋಡುವ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲಿಂಗ್ ಕೂರಿಸಿ ನೋಡಿದೆ. ಮೂಗಿನ ಭಾರ ಬರೀ 12 ಕೆಜಿ. ಒಟ್ಟು ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಹಿಚ್ ಮೇಲೆ ಕೂರಬೇಕು. ಜೀಪಿಗೂ ಹಿಚ್‌ಗೂ ಹೇಳಿರುವ ಮಿತಿಗಳಲ್ಲಿ ಕಡಿಮೆ ಯಾವುದೋ ಅದನ್ನು ಮೀರಲೂಬಾರದು. ಎರಡು ಪೆಟ್ಟಿಗೆ ಮುಂದಕ್ಕೆ ಸರಿಸಿದಾಗ 38 ಆಯಿತು. ಅಲ್ಲಾಟ ನಿಂತಿತು. ಫ್ರೇಮ್‌ಗಳು ಗಾಡಿ ಹೋಗುವ ದಿಕ್ಕಿಗೇ ಉದ್ದವಾಗಿ ಇರುವ ಹಾಗೆ ಪೆಟ್ಟಿಗೆ ಇಡುತ್ತೇನೆ. ಅಡ್ಡ ಇಟ್ಟರೆ ಬ್ರೇಕ್ ಹಾಕಿದಾಗ ಎರಿಗಳು ತೂಗಿ ಒಂದಕ್ಕೊಂದು ಬಡಿಯುತ್ತವೆ.

ಹೊಸ ಶೂ ಹಾಕಿ ನೂರೈವತ್ತು ಕಿಲೋಮೀಟರ್ ಆದ ಮೇಲೆ ಚಕ್ರದ ಕಡೆ ಮತ್ತೊಮ್ಮೆ ಮೂರು ಹಲ್ಲು ಬಿಗಿ ಮಾಡಬೇಕಾಯಿತು. ಅದು ಸಹಜ, ಶೂ ಡ್ರಮ್ಮಿಗೆ ಹೊಂದಿಕೊಳ್ಳುತ್ತದೆ. ರಾಡ್ ಮುಟ್ಟಿಲ್ಲ. ಈಗ ಪ್ರತಿ ಸಲ ಅರ್ಧ ದಾರಿಯಲ್ಲಿ ನಿಲ್ಲಿಸಿ ಎರಡೂ ಡ್ರಮ್ಮಿನ ಶಾಖ ನೋಡುತ್ತೇನೆ. ಬರಿಗೈಯಲ್ಲಿ ಮುಟ್ಟುವುದಿಲ್ಲ, ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಇದೆ. ಕಳೆದ ಸಲ ಎಡ 41 ಡಿಗ್ರಿ, ಬಲ 44. ನೊಣಗಳೆಲ್ಲ ಗೂಡು ಸೇರಿದ ಮೇಲೆ, ಕತ್ತಲಾದ ಮೇಲೆ ಹೊರಟಿದ್ದೆವು. ಇಳಿಜಾರಿನ ಕೊನೆಗೆ ತಮ್ಮ ಬ್ರೇಕ್ ಒತ್ತಿದ. ಹಿಂದೆ ಮೆಲ್ಲನೆ ಒರಗಿಕೊಂಡ ಹಾಗೆ ಆಯಿತು, ಅಷ್ಟೇ. ಇಳಿದು ಹೋಗಿ ಮುಂದಿನ ಪೆಟ್ಟಿಗೆಗೆ ಕಿವಿ ಇಟ್ಟೆ. ಗುಂಯ್ ಅನ್ನುವ ನಾದ ಒಂದೇ ಸಮ ಇತ್ತು, ಏರಿರಲಿಲ್ಲ.

ಒಂದು ಕೆಲಸ ಬಾಕಿ ಇದೆ. ಹ್ಯಾಂಡ್ ಬ್ರೇಕ್ ಲಿವರಿನ ಹಲ್ಲುಪಟ್ಟಿಯಲ್ಲಿ ಎರಡು ಹಲ್ಲು ಸವೆದಿವೆ, ಒಮ್ಮೊಮ್ಮೆ ಒಂದು ಹಲ್ಲು ಜಾರುತ್ತದೆ. ಪಟ್ಟಿ ಬರಲು ಇನ್ನೂ ಎರಡು ವಾರ ಆಗುತ್ತದಂತೆ. ಅಲ್ಲಿಯ ತನಕ ಇಳಿಜಾರಿನಲ್ಲಿ ನಿಲ್ಲಿಸುತ್ತಿಲ್ಲ, ಸಮತಟ್ಟಿನಲ್ಲೂ ಎರಡೂ ಚಕ್ರಕ್ಕೆ ಅಡೆ ಕೊಟ್ಟ ಮೇಲೆಯೇ ಕಪ್ಲಿಂಗ್ ಬಿಡಿಸುತ್ತೇವೆ.